ನಡೆದದ್ದೆಷ್ಟು, ನುಡಿದದ್ದೆಷ್ಟು?

ಒಳ್ಳೆಯ ಪುಸ್ತಕವೊಂದು ಮನೆಯೊಳಗೆ ಬಂದರೆ ಅದು ಒಬ್ಬರ ಕೈಯಲ್ಲಿ ನಿಲ್ಲುವುದಿಲ್ಲ. ಬೆಳಗ್ಗೆ ಮಗನ ಕೈಯಲ್ಲಿದ್ದದ್ದು ಮಧ್ಯಾಹ್ನ ತಾಯಿಯ ದಿಂಬಿನ ಕೆಳಗೆ ಸೇರುವುದು. ರಾತ್ರಿ ತಂದೆಯ ದೀಪದ ಬಳಿಗೆ ಬರುವುದು. ಎಲ್ಲರೂ ಓದಿ ಮುಗಿಸಿದ ಮೇಲೆ ಊಟದ ಹೊತ್ತಿನಲ್ಲಿ ವಾದ ಹುಟ್ಟುವುದು. ಕನ್ನಡದ ಮನೆಗಳಲ್ಲಿ ಅಂತಹ ವಾದವನ್ನು ಹಚ್ಚಿದ ಪುಸ್ತಕಗಳಲ್ಲಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಮಹಾಪಲಾಯನ’ವೂ ಒಂದು. ಓದಿದವರೆಲ್ಲರೂ ಅದನ್ನು ಒಂದೇ ಉಸಿರಿನಲ್ಲಿ ಓದಿದ್ದಾಗಿ ಹೇಳುವರು. ಅಲ್ಲಿಗೆ ಒಮ್ಮತ ಮುಗಿಯಿತು. ಅದು ನಿಜಕಥೆಯೋ, ಕಾದಂಬರಿಯೋ ಎಂಬ ಪ್ರಶ್ನೆ ಎದ್ದೊಡನೆ ಮನೆ ಎರಡಾಗುವುದು, ಕೆಲವು ವೇಳೆ ಮೂರಾಗುವುದೂ ಉಂಟು.

ಇದರ ಮೂಲ, ಸ್ಲಾವೊಮಿರ್ ರಾವಿಚ್ ಎಂಬ ಪೋಲೆಂಡಿನ ಸೈನ್ಯಾಧಿಕಾರಿ ಹೇಳಿ, ರೊನಾಲ್ಡ್ ಡೌನಿಂಗ್ ಎಂಬ ಇಂಗ್ಲಿಷ್ ಪತ್ರಕರ್ತ ಬರೆದುಕೊಂಡ ‘ದಿ ಲಾಂಗ್ ವಾಕ್’. 1956ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಈ ಪುಸ್ತಕ 25 ಭಾಷೆಗಳಿಗೆ ಹೋಗಿದೆ. ಐದು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಕಥೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ: 1939ರಲ್ಲಿ ಸೋವಿಯತ್ ಪೊಲೀಸರು ರಾವಿಚನನ್ನು ಬಂಧಿಸುತ್ತಾರೆ. ಗೂಢಚಾರನೆಂಬ ಆರೋಪ, 25 ವರ್ಷಗಳ ಕಠಿಣ ಶಿಕ್ಷೆ. ಸೈಬೀರಿಯದ ಹಿಮದಲ್ಲಿ ಸಂಕೋಲೆ ಹಾಕಿ ನಡೆಸಿಕೊಂಡು ಹೋಗಿ ಅವನನ್ನು ಯಾಕುತ್ಸ್ಕ್ ಸೀಮೆಯ 303ನೆಯ ಶಿಬಿರಕ್ಕೆ ತಳ್ಳುತ್ತಾರೆ. ಶಿಬಿರಾಧಿಕಾರಿಯ ರೇಡಿಯೋ ಸರಿಪಡಿಸುವ ನೆಪದಲ್ಲಿ ಅವನ ಮನೆಗೆ ಹೋಗಿಬರುವ ರಾವಿಚನಿಗೆ ಆ ಅಧಿಕಾರಿಯ ಹೆಂಡತಿಯೇ ಗುಟ್ಟಾಗಿ ನೆರವಾಗುತ್ತಾಳೆ. 1941ರ ಏಪ್ರಿಲಿನ ಒಂದು ಹಿಮಬಿರುಗಾಳಿಯ ರಾತ್ರಿ ಏಳು ಜನ ಬೇಲಿಯನ್ನು ನುಸುಳಿ ಪಾರಾಗುತ್ತಾರೆ.

ಅಲ್ಲಿಂದ ಮುಂದೆ ನಡಿಗೆ. ಬೈಕಾಲ್ ಸರೋವರದ ಬಳಿ ಕ್ರಿಸ್ಟೀನಾ ಎಂಬ ಹದಿಹರೆಯದ ಪೋಲಿಷ್ ಹುಡುಗಿ ಅವರೊಡನೆ ಸೇರುತ್ತಾಳೆ. ಮಂಗೋಲಿಯ, ಗೋಬಿ ಮರುಭೂಮಿ, ಟಿಬೆಟ್, ಹಿಮಾಲಯ. ಹುಡುಗಿಯೂ ಒಬ್ಬ ಸಂಗಾತಿಯೂ ಗೋಬಿಯ ಮರಳಿನಲ್ಲಿ ಸಾಯುತ್ತಾರೆ. ಇನ್ನೊಬ್ಬ ಟಿಬೆಟ್ಟಿನಲ್ಲಿ ರಾತ್ರಿ ಮಲಗಿದವನು ಬೆಳಗ್ಗೆ ಏಳುವುದಿಲ್ಲ. ಮತ್ತೊಬ್ಬ ಹಿಮಾಲಯದಲ್ಲಿ, ಗುರಿ ಹತ್ತಿರವಾದಾಗ, ಕಂದರಕ್ಕೆ ಉರುಳುತ್ತಾನೆ. ಉಳಿದ ನಾಲ್ವರು 1942ರಲ್ಲಿ ಭಾರತವನ್ನು ಮುಟ್ಟಿ ಗೂರ್ಖಾ ಸೈನಿಕರ ಕಣ್ಣಿಗೆ ಬೀಳುತ್ತಾರೆ; ಕಲ್ಕತ್ತೆಯ ಆಸ್ಪತ್ರೆಯನ್ನು ಸೇರುತ್ತಾರೆ. ಒಟ್ಟು ಹಾದಿ ಸುಮಾರು 6,500 ಕಿಲೋಮೀಟರು. ಕಾಲ ಹನ್ನೊಂದು ತಿಂಗಳು.

ವಾರವಾರವೂ ಧಾರಾವಾಹಿಯ ಮುಂದಿನ ಕಂತಿಗೆ ಕಾಯುವ ವಾಚಕರಿಗೆ ಇಂತಹ ಕಥೆಯ ಹಿಡಿತವನ್ನು ವಿವರಿಸಬೇಕಾದುದಿಲ್ಲ. ಇಲ್ಲಿ ಕೊಲೆಗಾರನಿಲ್ಲ, ಪತ್ತೇದಾರನಿಲ್ಲ. ಆದರೆ ಪುಟ ಪುಟಕ್ಕೂ ಒಂದೇ ಪ್ರಶ್ನೆ ಮಸೆಯುತ್ತಿರುತ್ತದೆ: ಮುಂದಿನ ನೀರು ಎಲ್ಲಿ? ಎಂಟು ಜನರಲ್ಲಿ ಯಾರು ಉಳಿಯುವರು? ಇದಕ್ಕಿಂತ ದೊಡ್ಡ ಕುತೂಹಲವನ್ನು ಯಾವ ಪತ್ತೇದಾರಿ ಕಾದಂಬರಿಯೂ ಕಟ್ಟಲಾರದು.

ಪಡಸಾಲೆಯ ವಾದ

ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನಲ್ಲಿ ದುಮ್ಮವಾಡವೆಂಬ ಊರಿದೆ. ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಆರಂಭವಾಗುವ ನೆಲ ಅದು. ಹುಬ್ಬಳ್ಳಿಯ ಬಾಯಾರಿಕೆ ತಣಿಸಲೆಂದು ಕಟ್ಟಿದ ನೀರಸಾಗರ ಜಲಾಶಯ ಈ ಊರಿನ ಸಮೀಪದಲ್ಲಿದೆ. ಮಳೆ ಹಿಂದೆಗೆದ ವರ್ಷಗಳಲ್ಲಿ ಆ ಸಾಗರದ ತಳ ಬಿರಿದುದನ್ನು ಸುತ್ತಲಿನ ಜನ ಕಣ್ಣಾರೆ ಕಂಡಿದ್ದಾರೆ. ಕಾಡಿನ ಅಂಚನ್ನೂ ನೀರಿನ ಬೆಲೆಯನ್ನೂ ಬಲ್ಲ ಇಂತಹ ಊರಿನ ಒಂದು ಪಡಸಾಲೆಯಲ್ಲಿ ‘ಮಹಾಪಲಾಯನ’ವನ್ನು ಮೂವರು ಓದಿದರೆಂದು ಭಾವಿಸೋಣ: ನಿವೃತ್ತ ಮಾಸ್ತರರಾದ ಅಜ್ಜ, ಧಾರವಾಡದ ಕಾಲೇಜಿಗೆ ಹೋಗುವ ಮೊಮ್ಮಗಳು, ಮನೆಯ ಸೊಸೆ. ಅಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿದ್ದೀತು:

“ಅಜ್ಜಾ, ಹನ್ನೊಂದು ತಿಂಗಳದಾಗ ಆರೂವರೆ ಸಾವಿರ ಕಿಲೋಮೀಟರ! ಇದು ಆಗೂ ಮಾತೇನು?”

“ಯಾಕ ಆಗೂದಿಲ್ಲವಾ? ದಿನಕ್ಕ ಇಪ್ಪತ್ತು ಕಿಲೋಮೀಟರ ಬಿತ್ತು. ನಾವು ಸಣ್ಣವರಿದ್ದಾಗ ಹುಬ್ಬಳ್ಳಿಗೆ ನಡಕೋತನ ಹೋಗಿ ಸಂತಿ ಮಾಡಿಕೊಂಡು ಬರತಿದ್ವಿ.”

“ನೀವು ರೊಟ್ಟಿ ಬುತ್ತಿ ಕಟಗೊಂಡು ಹೋಗತಿದ್ರಿ. ಅವರಿಗೆ ಬುತ್ತಿ ಎಲ್ಲಿತ್ತು? ನೀರು ಎಲ್ಲಿತ್ತು?”

ಅಡಿಗೆಮನೆಯ ಬಾಗಿಲಿನಿಂದ ಸೊಸೆಯ ಮಾತು: “ನಡದಾರೋ ಬಿಟ್ಟಾರೋ ದೇವರಿಗೇ ಗೊತ್ತು, ಮಾವಾರ. ಆ ಹುಡುಗಿ ಸತ್ತಾಗ ನನ್ನ ಕಣ್ಣಾಗ ನೀರು ಬಂತು. ಅದಂತೂ ಸುಳ್ಳಲ್ಲ.”

ಈ ಪುಸ್ತಕವನ್ನು ಕುರಿತು ಜಗತ್ತಿನಾದ್ಯಂತ ಎದ್ದ ವಾದಗಳೆಲ್ಲವೂ ಈ ಮೂರು ಮಾತುಗಳಲ್ಲಿ ಅಡಗಿವೆ. ಒಂದೊಂದನ್ನೂ ಬಿಡಿಸಿ ನೋಡುವುದು ಉಚಿತ.

ಅಜ್ಜನ ನಂಬಿಕೆ

ಅಜ್ಜನ ಪಕ್ಷದವರು ಮೂಢರಲ್ಲ. ಮನುಷ್ಯನ ದೇಹ ಏನನ್ನು ತಾಳಬಲ್ಲದೆಂಬುದನ್ನು ಕುರ್ಚಿಯಲ್ಲಿ ಕುಳಿತವರು ನಿರ್ಣಯಿಸಲಾಗದು ಎಂಬುದು ಅವರ ಮೊದಲ ವಾದ. ದಿನವೊಂದಕ್ಕೆ ಇಪ್ಪತ್ತು ಕಿಲೋಮೀಟರು ನಡೆಯುವುದು ಹಳ್ಳಿಯ ಕಾಲುಗಳಿಗೆ ಹೊಸತಲ್ಲ. ಸಾವು ಬೆನ್ನ ಹಿಂದಿದ್ದವನಿಗೆ ಕಾಲು ತಾನಾಗಿಯೇ ಏಳುತ್ತದೆ.

ಅವರ ಎರಡನೆಯ ವಾದಕ್ಕೆ ಒಂದು ಸಾಕ್ಷ್ಯವೂ ಇದೆ. ಯುದ್ಧಕಾಲದಲ್ಲಿ ಕಲ್ಕತ್ತೆಯಲ್ಲಿದ್ದ ರೂಪರ್ಟ್ ಮೇನ್ ಎಂಬ ಬ್ರಿಟಿಷ್ ಬೇಹುಗಾರಿಕೆಯ ಅಧಿಕಾರಿ, ಸೈಬೀರಿಯದಿಂದ ತಪ್ಪಿಸಿಕೊಂಡು ಬಂದೆವೆಂದು ಹೇಳಿದ ಮೂವರು ಕೃಶದೇಹಿಗಳನ್ನು ತಾನು 1942ರಲ್ಲಿ ವಿಚಾರಿಸಿದ್ದುಂಟೆಂದು ಬಹುಕಾಲದ ನಂತರ ನೆನಪಿಸಿಕೊಂಡಿದ್ದನು. ಅವರ ಹೆಸರು ಅವನಿಗೆ ನೆನಪಿರಲಿಲ್ಲ. ಆದರೂ ಯಾರೋ ಬಂದದ್ದಂತೂ ಉಂಟಲ್ಲ ಎಂಬ ಆಸೆಯನ್ನು ಈ ಮಾತು ಜೀವಂತವಾಗಿಟ್ಟಿತು. 2009ರಲ್ಲಿ ಇಂಗ್ಲೆಂಡಿನಲ್ಲಿ ನೆಲಸಿದ್ದ ವಿಟೋಲ್ಡ್ ಗ್ಲಿನ್ಸ್ಕಿ ಎಂಬ ಪೋಲಿಷ್ ವೃದ್ಧರು, ಈ ನಡಿಗೆ ನಿಜ, ಆದರೆ ನಡೆದವನು ನಾನು ಎಂದು ಮುಂದೆ ಬಂದರು. ಆ ಮಾತನ್ನೂ ಸಂಶಯಿಸಿದವರು ಇದ್ದಾರೆ. 2010ರಲ್ಲಿ ಪೀಟರ್ ವಿಯರ್ ಈ ಕಥೆಯನ್ನಾಧರಿಸಿ ‘ದಿ ವೇ ಬ್ಯಾಕ್’ ಎಂಬ ಚಲನಚಿತ್ರವನ್ನು ನಿರ್ದೇಶಿಸಿದಾಗ ಅದನ್ನು ನಿಜಕಥೆಯೆಂದು ಸಾರದೆ, ಪುಸ್ತಕದಿಂದ ಪ್ರೇರಿತವಾದ ಕಥನವಾಗಿಯೇ ತೆರೆಗೆ ತಂದರು.

ಮೊಮ್ಮಗಳ ಲೆಕ್ಕ

ಮೊಮ್ಮಗಳ ಪಕ್ಷ ಲೆಕ್ಕದ ಪಕ್ಷ. ದೂರದ ಲೆಕ್ಕದಲ್ಲಿ ಅಜ್ಜ ಗೆದ್ದರೂ ನೀರಿನ ಲೆಕ್ಕದಲ್ಲಿ ಸೋಲುವರು. ಸುಡುಬಿಸಿಲಿನ ಮರುಭೂಮಿಯಲ್ಲಿ ನೀರಿಲ್ಲದೆ ಮನುಷ್ಯನು ಬದುಕಿರುವುದು ಕೆಲವೇ ದಿನಗಳು. ಪುಸ್ತಕದ ಪಥಿಕರಾದರೋ ವಾರಕ್ಕೂ ಮೀರಿ ನೀರಿಲ್ಲದೆ ನಡೆಯುತ್ತಾರೆ, ಹಾವುಗಳನ್ನು ಹಿಡಿದು ಸುಟ್ಟು ತಿನ್ನುತ್ತಾರೆ, ಮತ್ತೆ ನಡೆಯುತ್ತಾರೆ. ಸಲಕರಣೆಗಳಿಲ್ಲದೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟುತ್ತಾರೆ. ಇದರ ಮೇಲೆ ಎಂಟಡಿ ಎತ್ತರದ ಎರಡು ಹಿಮಮಾನವರನ್ನು ಗಂಟೆಗಟ್ಟಲೆ ನಿಂತು ನೋಡುತ್ತಾರೆ!

ಪುಸ್ತಕ ಹೊರಬಂದ ಕಾಲದಲ್ಲಿಯೇ ಆ ನಾಡುಗಳನ್ನು ಬಲ್ಲವರು ತಲೆ ಅಲ್ಲಾಡಿಸಿದ್ದರು. ಮಧ್ಯ ಏಷ್ಯವನ್ನು ಸುತ್ತಿದ ಪೀಟರ್ ಫ್ಲೆಮಿಂಗ್, ಹಿಮಾಲಯದ ಪರ್ವತಾರೋಹಿ ಎರಿಕ್ ಶಿಪ್ಟನ್, ಲ್ಹಾಸಾದಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದ ಹ್ಯೂ ರಿಚರ್ಡ್‌ಸನ್ ಇವರೆಲ್ಲ ಸಂಶಯವನ್ನು ಸೂಚಿಸಿದವರು. ಉಳಿದುಕೊಂಡರೆಂದು ಹೇಳಲಾದ ಇತರ ಮೂವರಲ್ಲಿ ಒಬ್ಬರೂ ಮುಂದೆ ಬಂದು ಸಾಕ್ಷಿ ನುಡಿಯಲಿಲ್ಲ. ಅವರಲ್ಲಿ ಒಬ್ಬನಾದ ಅಮೆರಿಕದವನು ಪುಸ್ತಕದುದ್ದಕ್ಕೂ ಬರಿಯ ‘ಮಿಸ್ಟರ್ ಸ್ಮಿತ್’.

ಹಿಮಮಾನವನ ಪ್ರಸಂಗಕ್ಕೆ ಒಂದು ಹಿನ್ನೆಲೆಯಿದೆ. 1951ರಲ್ಲಿ ಶಿಪ್ಟನ್ ಹಿಮದ ಮೇಲಿನ ದೊಡ್ಡ ಹೆಜ್ಜೆಗುರುತುಗಳ ಛಾಯಾಚಿತ್ರ ತಂದಂದಿನಿಂದ ಇಂಗ್ಲೆಂಡಿನಲ್ಲಿ ಹಿಮಮಾನವನ ಹುಚ್ಚು ಹಬ್ಬಿತ್ತು. 1954ರಲ್ಲಿ ‘ಡೈಲಿ ಮೇಲ್’ ಪತ್ರಿಕೆ ಅದನ್ನು ಹುಡುಕಲೆಂದೇ ಒಂದು ತಂಡವನ್ನು ಹಿಮಾಲಯಕ್ಕೆ ಕಳಿಸಿತು. ರೊನಾಲ್ಡ್ ಡೌನಿಂಗ್ ಅದೇ ಪತ್ರಿಕೆಯವನು. ರಾವಿಚನ ಬಳಿಗೆ ಅವನನ್ನು ಮೊದಲು ಕರೆತಂದದ್ದೇ ಹಿಮಮಾನವನ ಸುದ್ದಿ. ಕೇಳುವವನ ಹಸಿವು ಹೇಳುವವನ ಬಾಯಿಗೆ ರುಚಿ ಕೊಡುವುದು ಲೋಕದ ರೂಢಿ.

ಇಷ್ಟಾದರೂ ಇವೆಲ್ಲ ಊಹೆಗಳೇ ಆಗಿದ್ದವು. ದಾಖಲೆ ಸಿಕ್ಕಿದ್ದು ರಾವಿಚ್ 2004ರಲ್ಲಿ ತೀರಿಕೊಂಡ ಮೇಲೆ. 2006ರಲ್ಲಿ ಬಿ.ಬಿ.ಸಿ. ರೇಡಿಯೋ ಸೋವಿಯತ್ ಕಾಲದ ಕಡತಗಳನ್ನು ಮುಂದಿಟ್ಟಿತು. ಅವುಗಳಲ್ಲಿ ರಾವಿಚನ ಕೈಬರಹವೂ ಇತ್ತು. ಅವುಗಳ ಪ್ರಕಾರ ಅವನು ಶಿಬಿರದಿಂದ ಓಡಿಹೋದವನಲ್ಲ. ಪೋಲಿಷ್ ಬಂದಿಗಳಿಗೆ ಸೋವಿಯತ್ ಸರಕಾರ ಕೊಟ್ಟ ಸಾಮೂಹಿಕ ಕ್ಷಮಾದಾನದಲ್ಲಿ 1942ರಲ್ಲಿ ಬಿಡುಗಡೆಯಾಗಿ, ಕ್ಯಾಸ್ಪಿಯನ್ ಸಮುದ್ರವನ್ನು ದಾಟಿ ಇರಾನಿನ ನಿರಾಶ್ರಿತರ ಶಿಬಿರವನ್ನು ಸೇರಿದವನು. ಪುಸ್ತಕದಲ್ಲಿ ಅವನು ಹಿಮಾಲಯದಿಂದ ಇಳಿಯುವ ವರ್ಷವೂ ಅದೇ. ಒಬ್ಬ ಮನುಷ್ಯ ಎರಡು ಹಾದಿಗಳಲ್ಲಿ ಏಕಕಾಲಕ್ಕೆ ನಡೆಯಲಾರ. ಮೊಮ್ಮಗಳ ಲೆಕ್ಕ ಗೆದ್ದಿತು.

ಆದರೂ ಇಲ್ಲಿ ಒಂದು ಎಚ್ಚರ ಅಗತ್ಯ. ದಾಖಲೆಗಳು ಸುಳ್ಳೆಂದು ತೋರಿಸುವುದು ರಾವಿಚನ ನಡಿಗೆಯನ್ನು, ಅವನ ಸಂಕಟವನ್ನಲ್ಲ. ಅವನನ್ನು ಬಂಧಿಸಿದ್ದು ನಿಜ, ಶಿಬಿರಕ್ಕೆ ತಳ್ಳಿದ್ದು ನಿಜ. ಕುಳಿತಲ್ಲಿ ಕುಳಿತು ಸೈಬೀರಿಯವನ್ನು ಹೆಣೆದ ಲೇಖಕನೆಂದು ಅವನನ್ನು ತಳ್ಳಿಹಾಕುವುದು ನ್ಯಾಯವಾಗದು. ಯಾರ ನಡಿಗೆ ಯಾರ ಬಾಯಿಂದ ಅವನ ಕಿವಿಗೆ ಬಿದ್ದಿತ್ತೆಂಬುದನ್ನು ಇಂದು ಹೇಳಬಲ್ಲವರಿಲ್ಲ.

ಸೊಸೆಯ ಕಣ್ಣೀರು

ಮೂರನೆಯ ಪಕ್ಷವೇ ಎಲ್ಲಕ್ಕಿಂತ ಗಹನವಾದುದು. ನಡೆದರೇನು, ನಡೆಯದಿದ್ದರೇನು, ಓದುವಾಗ ಎದೆ ನಡುಗಿತಲ್ಲ! ಕಾದಂಬರಿಯೆಂದು ತಿಳಿದು ಓದಿದರೆ ಯಾವ ಮುಕ್ಕು? ರಾಮಾಯಣವನ್ನು ಕೇಳಿ ಕಣ್ಣೊರೆಸಿಕೊಳ್ಳುವವರು ಇತಿಹಾಸದ ಪ್ರಮಾಣಪತ್ರ ಬೇಡುವರೇ?

ಈ ವಾದಕ್ಕೆ ಪೂರ್ವದೃಷ್ಟಾಂತಗಳೂ ಉಂಟು. 1719ರಲ್ಲಿ ಡೇನಿಯಲ್ ಡಿಫೋನ ‘ರಾಬಿನ್ಸನ್ ಕ್ರೂಸೋ’ ಹೊರಬಂದಾಗ ಅದರ ಮುಖಪುಟದಲ್ಲಿ ಡಿಫೋನ ಹೆಸರೇ ಇರಲಿಲ್ಲ. ಕ್ರೂಸೋ ತಾನೇ ಬರೆದುದೆಂದು ಅಚ್ಚಾಗಿತ್ತು. ಇಂದು ಅದನ್ನು ಎಲ್ಲರೂ ಕಾದಂಬರಿಯೆಂದೇ ಓದುವರು; ರುಚಿ ಕೆಟ್ಟಿಲ್ಲ. ಹೆನ್ರಿ ಶಾರಿಯೇರನ ‘ಪ್ಯಾಪಿಲಾನ್’ 1969ರಲ್ಲಿ ಆತ್ಮಕಥೆಯಾಗಿ ಬಂದಿತು. ಅದರಲ್ಲಿಯ ಸಾಹಸಗಳೆಲ್ಲ ಅವನವೇ ಅಲ್ಲವೆಂಬ ಆಕ್ಷೇಪ ಬೇಗನೆ ಎದ್ದಿತು. ಅದನ್ನು ಪ್ರದೀಪ ಕೆಂಜಿಗೆಯವರೊಡನೆ ಕನ್ನಡಕ್ಕೆ ತಂದವರೂ ತೇಜಸ್ವಿಯವರೇ ಎಂಬುದು ಗಮನಾರ್ಹ. ಮನುಷ್ಯನು ಕಾಡು, ಕಡಲು, ಮರಳುಗಳ ಎದುರು ಒಬ್ಬಂಟಿಯಾಗಿ ನಿಲ್ಲುವ ಕಥೆಗಳು ಮೂಡಿಗೆರೆಯ ಆ ಲೇಖಕರನ್ನು ಬಿಡದೆ ಸೆಳೆದವು.

ಅವರ ಸ್ವಂತ ಕಾದಂಬರಿಯಾದ ‘ಕರ್ವಾಲೊ’ವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿನೋದ ಹೊಳೆಯುವುದು. 1980ರಲ್ಲಿ ಬಂದ ಆ ಪುಸ್ತಕ ತನ್ನನ್ನು ಕಾದಂಬರಿಯೆಂದೇ ಕರೆದುಕೊಂಡಿತು. ಅದರಲ್ಲಿ ಪ್ರೊಫೆಸರರೂ ಮಂದಣ್ಣನೂ ಹುಡುಕಿಕೊಂಡು ಹೋಗುವ ಹಾರುವ ಓತಿಯಾದರೋ ನಿಜವಾದ ಜೀವಿ. ಪಶ್ಚಿಮ ಘಟ್ಟದ ಮರಗಳಲ್ಲಿ ಇಂದಿಗೂ ರೆಕ್ಕೆ ಬಿಚ್ಚಿ ತೇಲುತ್ತದೆ. ‘ಮಹಾಪಲಾಯನ’ವು ನಿಜಕಥೆಯೆಂದು ಹೆಸರಾದ ಪುಸ್ತಕ, ಅದರಲ್ಲಿ ಎದುರಾಗುವ ಹಿಮಮಾನವನನ್ನು ಇಂದಿನವರೆಗೆ ಯಾರೂ ಹಿಡಿದು ತೋರಿಸಿಲ್ಲ. ಕಾದಂಬರಿಯ ಪ್ರಾಣಿ ದಿಟ, ದಿಟದ ಕಥೆಯ ಪ್ರಾಣಿ ಕಟ್ಟುಕಥೆ! ಮುಖಪುಟದ ಮಾತನ್ನು ಮಾತ್ರ ನೆಚ್ಚಿ ನಿಜವನ್ನು ಅಳೆಯಹೊರಟವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಹಾಗಾದರೆ ಸೊಸೆಯ ಮಾತೇ ಕಡೆಯ ತೀರ್ಪೇ? ಅಲ್ಲವೆನ್ನಲು ಒಂದು ಕಾರಣವಿದೆ. ಕಾದಂಬರಿಗೆ ಓದುಗನು ಕೊಡುವುದು ತನ್ನ ಕಲ್ಪನೆಯನ್ನು. ನಿಜಕಥೆಗೆ ಕೊಡುವುದು ನಂಬಿಕೆಯನ್ನು. ಎರಡೂ ಬೆಲೆಯುಳ್ಳವೇ, ಆದರೆ ಒಂದೇ ನಾಣ್ಯವಲ್ಲ. ಕ್ರಿಸ್ಟೀನಾಳಿಗಾಗಿ ಅತ್ತವರು ಒಂದು ಪಾತ್ರಕ್ಕಾಗಿ ಅಳಲಿಲ್ಲ. ಗೋಬಿಯ ಮರಳಿನಲ್ಲಿ ನಿಜವಾಗಿ ಹೂತುಹೋದ ಒಬ್ಬ ಹುಡುಗಿಗಾಗಿ ಅತ್ತರು. ಅವಳು ಇರಲೇ ಇಲ್ಲವೆಂದು ತಿಳಿದಾಗ ಆ ಕಣ್ಣೀರು ಎಲ್ಲಿಗೆ ಸಲ್ಲಬೇಕು?

ಕಣ್ಣೀರಿನ ವಿಳಾಸ

ಅದು ಸಲ್ಲಬೇಕಾದ ಸ್ಥಳ ದೂರವಿಲ್ಲ. ಧಾರವಾಡದಿಂದ ಬೆಳಗಾವಿಯನ್ನು ದಾಟಿ, ಗಡಿಯಾಚೆ ಕೊಲ್ಹಾಪುರಕ್ಕೆ ಹೋದರೆ ಸಾಕು. ಆ ನಗರದ ಸಮೀಪದ ವಳಿವಡೆ ಎಂಬಲ್ಲಿ 1943ರಿಂದ 1948ರವರೆಗೆ ಪೋಲಿಷ್ ನಿರಾಶ್ರಿತರ ದೊಡ್ಡ ವಸತಿಯಿತ್ತು. ಸುಮಾರು ಐದು ಸಾವಿರ ಜನ. ಬಹುಪಾಲು ಹೆಂಗಸರು, ಮಕ್ಕಳು. ಅಲ್ಲಿ ಅವರ ಶಾಲೆಗಳಿದ್ದವು, ಇಗರ್ಜಿಯಿತ್ತು, ನಾಟಕಗಳು ನಡೆಯುತ್ತಿದ್ದವು. ಅದಕ್ಕೆ ಮುನ್ನ 1942ರಲ್ಲಿ ಕಾಠೇವಾಡದ ನವಾನಗರದ ಮಹಾರಾಜ ದಿಗ್ವಿಜಯಸಿಂಹರು ಬಾಲಾಚಡಿಯಲ್ಲಿ ನೂರಾರು ಪೋಲಿಷ್ ಮಕ್ಕಳಿಗೆ ಆಶ್ರಯ ಕೊಟ್ಟಿದ್ದರು.

ಇವರು ಯಾರು? 1940 ಮತ್ತು 1941ರಲ್ಲಿ ಪೂರ್ವ ಪೋಲೆಂಡಿನಿಂದ ಲಕ್ಷಾಂತರ ಜನರನ್ನು ಸೋವಿಯತ್ ಪೊಲೀಸರು ನಡುರಾತ್ರಿ ಎಬ್ಬಿಸಿ, ದನದ ಗಾಡಿಗಳಂತಹ ರೈಲುಡಬ್ಬಿಗಳಲ್ಲಿ ತುಂಬಿ, ಸೈಬೀರಿಯಕ್ಕೂ ಕಜಾಕಸ್ತಾನಕ್ಕೂ ಸಾಗಿಸಿದರು. 1941ರ ಜೂನಿನಲ್ಲಿ ಹಿಟ್ಲರ್ ರಷ್ಯದ ಮೇಲೆ ಬಿದ್ದಾಗ ಸ್ಟಾಲಿನ್ನನಿಗೆ ಪೋಲಿಷರ ಸ್ನೇಹ ಬೇಕಾಯಿತು. ಆ ಬೇಸಗೆಯಲ್ಲೇ ಕ್ಷಮಾದಾನ ಘೋಷಣೆಯಾಯಿತು. ಬಿಡುಗಡೆಯಾದವರು ಹಸಿವು, ಜ್ವರಗಳ ನಡುವೆ ದಕ್ಷಿಣಕ್ಕೆ ಹರಿದು ಬಂದರು. 1942ರಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಸೈನಿಕರೂ ಸಂಸಾರಗಳೂ ಕ್ಯಾಸ್ಪಿಯನ್ ಸಮುದ್ರವನ್ನು ದಾಟಿ ಇರಾನನ್ನು ಸೇರಿದರು. ಹಾದಿಯಲ್ಲಿಯೇ ಮಣ್ಣಾದವರು ಅಸಂಖ್ಯ. ಇರಾನಿನಿಂದ ಸಂಸಾರಗಳನ್ನು ಭಾರತಕ್ಕೂ ಆಫ್ರಿಕಕ್ಕೂ ಕಳಿಸಲಾಯಿತು. ಹಾಗೆ ಬಂದವರಿಗಾಗಿಯೇ ಕೊಲ್ಹಾಪುರದ ಬಯಲಿನಲ್ಲಿ ಸಾಲುಮನೆಗಳು ಎದ್ದವು.

ಇವರಲ್ಲಿ ಯಾರೂ ಹಿಮಮಾನವನನ್ನು ಕಂಡವರಲ್ಲ, ಹಾವನ್ನು ಸುಟ್ಟು ತಿಂದು ಗೋಬಿಯನ್ನು ಗೆದ್ದವರೂ ಅಲ್ಲ. ರೈಲಿನ ಡಬ್ಬಿಯಲ್ಲಿ, ಹಡಗಿನ ಅಟ್ಟದಲ್ಲಿ, ಸಾಲಿನಲ್ಲಿ ನಿಂತು, ಕಾಯ್ದು, ಹೇಗೋ ಉಳಿದವರು. ಕ್ರಿಸ್ಟೀನಾಳ ವಯಸ್ಸಿನ ಹುಡುಗಿಯರು ಅವರಲ್ಲಿ ಎಷ್ಟೋ ಮಂದಿ. ರಾವಿಚನ ನಿಜವಾದ ಹಾದಿಯೂ ಇವರ ಹಾದಿಯೇ ಆಗಿತ್ತು. ಆ ಹಾದಿಯಲ್ಲಿ ಪುಟ ಪುಟಕ್ಕೂ ಸಾಹಸವಿರಲಿಲ್ಲವಾದುದರಿಂದಲೋ ಏನೋ, ಅದನ್ನು ಕೇಳಲು 1956ರ ಲಂಡನ್ನಿನಲ್ಲಿ ಅಷ್ಟು ಜನ ಸೇರುತ್ತಿರಲಿಲ್ಲ. ಕಟ್ಟಿದ ನಡಿಗೆ 25 ಭಾಷೆಗಳಿಗೆ ಹೋಯಿತು. ನಡೆದ ನಡಿಗೆ ನೆರೆಯ ಜಿಲ್ಲೆಯವರಿಗೂ ಬಹುಮಟ್ಟಿಗೆ ಅಪರಿಚಿತವಾಗಿ ಉಳಿಯಿತು. ಪುಸ್ತಕದ ನಿಜಸುಳ್ಳಿನ ವಾದದಲ್ಲಿ ನಷ್ಟವಾದದ್ದೇನಾದರೂ ಇದ್ದರೆ ಅದು ಇದೇ.

ಆದುದರಿಂದ ‘ಮಹಾಪಲಾಯನ’ವನ್ನು ಕಪಾಟಿನಿಂದ ಇಳಿಸಬೇಕಾಗಿಲ್ಲ. 2006ರ ಶೋಧ ಬೆಳಕಿಗೆ ಬರುವುದಕ್ಕೆ ಮೊದಲೇ ಅದು ಕನ್ನಡದ ಮನೆಗಳಲ್ಲಿ ನೆಲೆಯೂರಿತ್ತು. ತೇಜಸ್ವಿಯವರು 2007ರ ಏಪ್ರಿಲಿನಲ್ಲಿ ತೀರಿಕೊಂಡರು. ಆ ಶೋಧಕ್ಕೂ ಅವರ ನಿಧನಕ್ಕೂ ನಡುವೆ ಉಳಿದದ್ದು ಕೆಲವೇ ತಿಂಗಳು. ಅವರ ಕನ್ನಡದ ಓಟ ಹಾಗೆಯೇ ಇದೆ. ಗೋಬಿಯ ಬಾಯಾರಿಕೆ ಓದುಗನ ನಾಲಗೆಯನ್ನು ಇಂದಿಗೂ ಒಣಗಿಸುತ್ತದೆ. ಮಕ್ಕಳ ಕೈಗೆ ಅದನ್ನು ಕೊಡುವಾಗ ಹಿರಿಯರು ಎರಡು ಮಾತು ಸೇರಿಸಿ ಕೊಡಲಿ: ಇದನ್ನು ಕಾದಂಬರಿಯೆಂದು ಓದು, ಓದಿ ಮುಗಿಸಿದ ಮೇಲೆ ವಳಿವಡೆಯ ಸಂಗತಿಯನ್ನು ಕೇಳು.

ಹೀಗೆ ಮಾಡಿದರೆ ಪಡಸಾಲೆಯ ಮೂವರಲ್ಲಿ ಯಾರೂ ಸೋಲುವುದಿಲ್ಲ. ಮನುಷ್ಯನ ತಾಳ್ಮೆಗೆ ಎಲ್ಲೆಯಿಲ್ಲವೆಂಬ ಅಜ್ಜನ ನಂಬಿಕೆಗೆ ಒಂದು ಲಕ್ಷ ಸಾಕ್ಷಿಗಳು ದೊರೆಯುವರು. ಮೊಮ್ಮಗಳ ಲೆಕ್ಕಕ್ಕೆ ಮನ್ನಣೆ ಸಿಕ್ಕುವುದು. ಸೊಸೆಯ ಕಣ್ಣೀರು, ಇರದಿದ್ದ ಒಬ್ಬ ಹುಡುಗಿಯನ್ನು ದಾಟಿ, ಸೈಬೀರಿಯದಿಂದ ಕೊಲ್ಹಾಪುರದವರೆಗೆ ಬದುಕಿ ಬಂದ ಹುಡುಗಿಯರಿಗೂ, ಬರಲಾರದೆ ಹೋದವರಿಗೂ ಸಲ್ಲುವುದು.